ದೊಡ್ಡ ತಲೆನೋವಿನ ಬೆಟ್ಟ

ದಿಲ್ಲಿಯಿಂದ ನಸುಕಿನಲ್ಲಿ ಹೊರಟ ವಿಮಾನವು ಒಂದೂವರೆ ಗಂಟೆಯೊಳಗೆ ಹಿಮಾಲಯದ ನೆತ್ತಿಯನ್ನು ದಾಟಿ ಲಡಾಖಿನ ಲೇಹ್ ಪಟ್ಟಣದಲ್ಲಿ ಇಳಿಯುತ್ತದೆ. ಕಿಟಕಿಯಾಚೆ ಬೆಳ್ಳಗೆ ಹೊಳೆಯುವ ಶಿಖರಗಳನ್ನು ಕಂಡು ಮಕ್ಕಳು ಹಿಗ್ಗುತ್ತಿರುವಾಗಲೇ ಗಾಲಿಗಳು ನೆಲವನ್ನು ಮುಟ್ಟುತ್ತವೆ. ಹಿಂದಿನ ಕಾಲದಲ್ಲಿ ಶ್ರೀನಗರದಿಂದ ಲೇಹ್ ಸೇರಲು ಹೇರುಕುದುರೆಗಳೊಡನೆ ಸುಮಾರು ಎರಡು ವಾರ ನಡೆಯಬೇಕಿತ್ತು. ಆ ಪಯಣದಲ್ಲಿ ಕಾಲು ಸೋಲುತ್ತಿತ್ತು, ತುಟಿ ಒಡೆಯುತ್ತಿತ್ತು. ಆದರೆ ಪಯಣಿಗನಿಗೆ ಅರಿವಿಲ್ಲದಂತೆಯೇ ಅವನ ದೇಹವು ಮಜಲು ಮಜಲಾಗಿ ಎತ್ತರಕ್ಕೆ ಹೊಂದಿಕೊಳ್ಳುತ್ತ ಬರುತ್ತಿತ್ತು. ವಿಮಾನ ಹೊಸದು, ದೇಹ ಮಾತ್ರ ಆ ಹಳೆಯ ಕಾಲದ್ದೇ.

ಬೆಂಗಳೂರಿನಿಂದ ಹೊರಟ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ತಂದೆ, ತಾಯಿ, ಇಂಜಿನಿಯರಾಗಿರುವ ಮಗ, ಕಾಲೇಜಿನಲ್ಲಿ ಓದುವ ಮಗಳು. ಮಗನಿಗೆ ಇಪ್ಪತ್ತನಾಲ್ಕು ವರ್ಷ. ದಿನವೂ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ಐದು ಮೈಲಿ ಓಡುವವನು. ರಜೆ ಇರುವುದೇ ಆರು ದಿನ. ಆದುದರಿಂದ ಇಳಿದ ದಿನವೇ ಅರಮನೆ, ಶಾಂತಿ ಸ್ತೂಪ. ಮರುದಿನ ಖರ್ದುಂಗ್ ಲಾ ಕಣಿವೆದಾರಿ. ಅದರ ಮಾರನೆಯ ದಿನ ಪಾಂಗಾಂಗ್ ಸರೋವರ. ಕಾರಿಗೆ, ಹೋಟೆಲಿಗೆ, ಸರೋವರದ ದಂಡೆಯ ಡೇರೆಗೆ ಮುಂಗಡ ಹಣ ಕೊಟ್ಟಾಗಿದೆ. ಸಂಜೆಯ ವೇಳೆಗೆ ಮಗನ ಹಣೆಯಲ್ಲಿ ಸಣ್ಣಗೆ ಸಿಡಿತ ಆರಂಭವಾಗುತ್ತದೆ. ಊಟದ ತಟ್ಟೆಯನ್ನು ಕಂಡರೆ ಓಕರಿಕೆ. ತಾಯಿ ಕೇಳಿದರೆ, “ಏನೂ ಇಲ್ಲಮ್ಮ, ಬಿಸಿಲಿಗೆ ತಲೆ ಹಿಡಿದಿದೆ, ಅಷ್ಟೆ” ಎನ್ನುತ್ತಾನೆ. ತಂಗಿ ಗುಂಡಾಗಿ ಓಡಾಡಿಕೊಂಡಿರುವಾಗ, ನಿತ್ಯ ವ್ಯಾಯಾಮ ಮಾಡುವ ತಾನು ಮಲಗಿಕೊಳ್ಳುವುದೆಂದರೆ ನಾಚಿಕೆಯಲ್ಲವೇ? “ಪ್ರಯಾಣದ ಆಯಾಸ, ಬೆಳಗ್ಗೆ ಎದ್ದರೆ ಸರಿಹೋಗುತ್ತದೆ” ಎಂದು ತಂದೆಯವರ ತೀರ್ಮಾನ.

ಪ್ರತಿ ಬೇಸಿಗೆಯಲ್ಲಿಯೂ ಲೇಹ್‌ನ ಎಷ್ಟೋ ಹೋಟೆಲು ಕೋಣೆಗಳಲ್ಲಿ ನಡೆಯುವ ಮಾತುಕತೆ ಇದು. ಹೆಚ್ಚಿನವರು ಒಂದೆರಡು ದಿನಗಳಲ್ಲಿ ಚೇತರಿಸಿಕೊಂಡು ನಗುತ್ತ ಊರಿಗೆ ಮರಳುತ್ತಾರೆ. ಕೆಲವರಿಗೆ ಆ ಭಾಗ್ಯವಿರುವುದಿಲ್ಲ. ಎರಡು ಬಗೆಯವರ ನಡುವಣ ಅಂತರವು ಹಲವು ಸಲ ಮರುದಿನ ಬೆಳಗ್ಗೆ ಕಾರು ಹತ್ತಿದರೇ ಇಲ್ಲವೇ ಎಂಬುದರಲ್ಲಿರುತ್ತದೆ.

ಈ ತಲೆನೋವು ಹೊಸದೇನಲ್ಲ. ಚೀನಾದ ಹಾನ್ ವಂಶದ ಇತಿಹಾಸಗ್ರಂಥದಲ್ಲಿ, ಕ್ರಿಸ್ತಪೂರ್ವ ಒಂದನೆಯ ಶತಮಾನದ ವೃತ್ತಾಂತವೊಂದರಲ್ಲಿ, ಪಶ್ಚಿಮದ ನಾಡುಗಳಿಗೆ ಹೋಗುವ ದಾರಿಯ ಎರಡು ಬೆಟ್ಟಗಳ ಉಲ್ಲೇಖವಿದೆ. ಒಂದರ ಹೆಸರು ದೊಡ್ಡ ತಲೆನೋವಿನ ಬೆಟ್ಟ. ಇನ್ನೊಂದು ಚಿಕ್ಕ ತಲೆನೋವಿನ ಬೆಟ್ಟ. ಅಲ್ಲಿ ಮನುಷ್ಯರಿಗೆ ಮೈ ಕಾದು, ಬಣ್ಣಗೆಟ್ಟು, ತಲೆ ನೋಯ್ದು ವಾಂತಿಯಾಗುವುದೆಂದೂ, ಜೊತೆಗಿರುವ ಕತ್ತೆ ದನಗಳಿಗೂ ಅದೇ ಪಾಡೆಂದೂ ಬರೆದಿಟ್ಟಿದ್ದಾರೆ. ಕಾರಣ ಮಾತ್ರ ಅವರಿಗೆ ತಿಳಿಯದು.

ಕಾರಣವನ್ನು ಇಂದಿಗೂ ಹಲವರು ತಪ್ಪಾಗಿ ತಿಳಿದಿದ್ದಾರೆ. ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಇಳಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಪಾಲು ಇಳಿಯುವುದಿಲ್ಲ. ಮಂಗಳೂರಿನ ಕಡಲತಡಿಯಲ್ಲಿಯೂ ಎವರೆಸ್ಟಿನ ತುದಿಯಲ್ಲಿಯೂ ಅದು ನೂರಕ್ಕೆ ೨೧. ಇಳಿಯುವುದು ಗಾಳಿಯ ಒತ್ತಡ. ಮದುವೆಮನೆಯ ಉಗ್ರಾಣದಲ್ಲಿ ಹತ್ತಿಯ ಹಾಸಿಗೆಗಳನ್ನು ಒಂದರ ಮೇಲೊಂದು ಪೇರಿಸಿದುದನ್ನು ಕಂಡವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಅಡಿಯ ಹಾಸಿಗೆ ಮೇಲಿನವುಗಳ ಭಾರಕ್ಕೆ ಒತ್ತಿಕೊಂಡು ಗಟ್ಟಿಯಾಗಿರುತ್ತದೆ. ಮೇಲಿನದು ಉಬ್ಬಿ ಸಡಿಲವಾಗಿರುತ್ತದೆ. ವಾಯುಮಂಡಲವೂ ಹಾಗೆಯೇ. ಲೇಹ್ ಪಟ್ಟಣವಿರುವ ೩,೫೦೦ ಮೀಟರ್ ಎತ್ತರದಲ್ಲಿ ಒತ್ತಡವು ಕಡಲತಡಿಯ ಮೂರರಲ್ಲಿ ಎರಡು ಪಾಲು ಮಾತ್ರ. ೫,೩೫೯ ಮೀಟರ್ ಎತ್ತರದ ಖರ್ದುಂಗ್ ಲಾದಲ್ಲಿ ಹೆಚ್ಚುಕಡಿಮೆ ಅರ್ಧ. ಒಂದು ಉಸಿರಿಗೆ ದಕ್ಕುವ ಆಮ್ಲಜನಕವೂ ಅದೇ ಲೆಕ್ಕದಲ್ಲಿ ಕುಗ್ಗುತ್ತದೆ.

ಬೇನೆ ತೋರತೊಡಗುವುದು ಸಾಮಾನ್ಯವಾಗಿ ೨,೫೦೦ ಮೀಟರಿನಿಂದ ಮೇಲೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ ೧,೯೩೦ ಮೀಟರ್. ಎಂದರೆ ಕನ್ನಡನಾಡಿನ ಯಾವ ಬೆಟ್ಟವನ್ನು ಎಷ್ಟು ಸಲ ಹತ್ತಿಳಿದವರಿಗೂ ಈ ಬೇನೆಯ ಅನುಭವ ಆಗಿರಲಾರದು. “ನಾವು ಕುಮಾರಪರ್ವತ ಹತ್ತಿದವರು” ಎಂಬ ಧೈರ್ಯ ಕಾಲಿನ ಬಲಕ್ಕೆ ಸಾಕ್ಷಿಯಾದೀತು, ಅಷ್ಟೇ.

ಒತ್ತಡದ ಈ ರಹಸ್ಯವನ್ನು ಪ್ರಯೋಗಗಳಿಂದ ಸಿದ್ಧಪಡಿಸಿದವನು ಫ್ರಾನ್ಸಿನ ಶರೀರವಿಜ್ಞಾನಿ ಪಾಲ್ ಬೆರ್. ಗಾಳಿಯನ್ನು ಹೀರಿ ತೆಗೆಯಬಲ್ಲ ಲೋಹದ ಕೋಣೆಯೊಳಗೆ ತಾನೇ ಕುಳಿತು ಪರೀಕ್ಷಿಸಿಕೊಂಡ ಸಾಹಸಿ ಆತ. ೧೮೭೫ರ ಏಪ್ರಿಲ್ ೧೫ರಂದು ‘ಜೆನಿತ್’ ಎಂಬ ಬೆಲೂನಿನಲ್ಲಿ ಮೂವರು ಫ್ರೆಂಚರು ಆಕಾಶಕ್ಕೇರಿದರು. ಅವರ ಬಳಿ ಆಮ್ಲಜನಕ ತುಂಬಿದ ಚೀಲಗಳಿದ್ದುವು. ಅದು ಸಾಲದು ಎಂದು ಬೆರ್ ಬರೆದ ಎಚ್ಚರಿಕೆಯ ಪತ್ರ ಅವರಿಗೆ ಸಕಾಲದಲ್ಲಿ ತಲುಪಲಿಲ್ಲ. ಬೆಲೂನು ೮,೦೦೦ ಮೀಟರುಗಳನ್ನು ದಾಟಿತು. ಕೆಳಗಿಳಿದಾಗ ಕ್ರೋಸೆ-ಸ್ಪಿನೆಲ್ಲಿ, ಸಿವೆಲ್ ಇಬ್ಬರೂ ಸತ್ತಿದ್ದರು. ಬದುಕಿದವನು ತಿಸ್ಸಾಂದಿಯೆ ಒಬ್ಬನೇ. ಅವನ ಹೇಳಿಕೆಯ ಅತ್ಯಂತ ಭೀಕರವಾದ ಭಾಗ ಯಾವುದೆಂದರೆ, ಮೇಲೆ ಅವನಿಗೆ ಯಾವ ಸಂಕಟವೂ ಆಗಿರಲಿಲ್ಲ! ಬದಲಾಗಿ ಒಂದು ಬಗೆಯ ಆನಂದ. ಆಮ್ಲಜನಕದ ನಳಿಗೆಯನ್ನು ಹಿಡಿಯಬೇಕೆಂದು ನೆನಪಾಗುವ ಹೊತ್ತಿಗೆ ಕೈಗಳು ಮೇಲೇಳದಾಗಿದ್ದುವು.

ಬೆಲೂನಿನಲ್ಲಿ ನಿಮಿಷಗಳಲ್ಲಿ ಆದುದು ಬೆಟ್ಟದಲ್ಲಿ ದಿನಗಟ್ಟಲೆ ನಿಧಾನವಾಗಿ ಆಗುತ್ತದೆ. ಆದರೆ ಆಮ್ಲಜನಕ ಸಾಲದ ಮಿದುಳು ತನ್ನ ಕೊರತೆಯನ್ನು ತಾನೇ ಅಳೆಯಲಾರದು ಎಂಬ ಮಾತು ಎರಡು ಕಡೆಯೂ ನಿಜ. ಆದುದರಿಂದ ಈ ಬೇನೆಯಲ್ಲಿ “ನನಗೇನೂ ಆಗಿಲ್ಲ” ಎಂಬ ರೋಗಿಯ ಮಾತಿಗೆ ಬೆಲೆಯಿಲ್ಲ. ನೋಡಬೇಕಾದವರು ಜೊತೆಯವರು.

ನಮ್ಮ ದೇಶವು ಈ ಪಾಠವನ್ನು ಕಲಿತುದು ಸೈನಿಕರಿಂದ. ೧೯೬೨ರ ಚೀನಾ ಯುದ್ಧದ ಸಮಯದಲ್ಲಿ ಬಯಲುಸೀಮೆಯ ತರುಣರನ್ನು ತರಾತುರಿಯಿಂದ ಹಿಮಾಲಯದ ನೆತ್ತಿಗೆ ಸಾಗಿಸಬೇಕಾಯಿತು. ಗುಂಡು ತಾಗದೆಯೇ ಜವಾನರು ಉಸಿರುಗಟ್ಟಿ ಬೀಳುತ್ತಿದ್ದರು. ಇಂದರ್ ಸಿಂಗ್ ಮತ್ತು ಅವರ ಸಹವೈದ್ಯರು, ೧೧,೦೦೦ದಿಂದ ೧೮,೦೦೦ ಅಡಿಗಳ ನಡುವೆ ಈ ಬೇನೆಗೆ ಸಿಕ್ಕಿದ ೧,೯೨೫ ಸೈನಿಕರ ವಿವರಗಳನ್ನು ೧೯೬೯ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರಪಂಚದ ವೈದ್ಯರು ಇಂದಿಗೂ ಹೆಸರಿಸುವ ಲೇಖನವದು. ಆ ಅನುಭವದ ಫಲವಾಗಿ ಭಾರತೀಯ ಸೇನೆಯಲ್ಲಿ ಒಂದು ಕಟ್ಟಳೆ ಬೇರೂರಿತು. ೯,೦೦೦ ಅಡಿಗಳ ಮೇಲಕ್ಕೆ ಬಂದ ಜವಾನನು ಮೊದಲ ಹಂತದಲ್ಲಿ ಆರು ದಿನ ನಿಲ್ಲಬೇಕು; ಅದರಲ್ಲಿ ಮೊದಲ ಎರಡು ದಿನ ಬರಿಯ ವಿಶ್ರಾಂತಿ. ಅನಂತರ ೧೨,೦೦೦ ಅಡಿಗಳ ಮೇಲೆ ನಾಲ್ಕು ದಿನ, ೧೫,೦೦೦ದ ಮೇಲೆ ಮತ್ತೆ ನಾಲ್ಕು ದಿನ. ಕಟ್ಟುಮಸ್ತಾದ ಸೈನಿಕನಿಗೆ ಇಷ್ಟು ದಿನ ಬೇಕಾದರೆ, ಆಫೀಸಿನ ಕುರ್ಚಿಯಿಂದೆದ್ದು ಬಂದ ಗೃಹಸ್ಥರು ಒಂದೇ ರಾತ್ರಿಯಲ್ಲಿ ಖರ್ದುಂಗ್ ಲಾಕ್ಕೆ ಹೊರಡುವುದನ್ನು ಏನೆನ್ನಬೇಕು?

ಆ ದಿನಗಳಲ್ಲಿ ದೇಹವು ಸುಮ್ಮನೆ ಕುಳಿತಿರುವುದಿಲ್ಲ. ಉಸಿರಾಟವು ಮೊದಲ ಗಂಟೆಗಳಿಂದಲೇ ಹೆಚ್ಚುತ್ತದೆ. ಹೆಚ್ಚು ಉಸಿರಾಡಿದರೆ ರಕ್ತದಲ್ಲಿ ಕ್ಷಾರಗುಣ ಏರಿ ಅದೇ ಉಸಿರಿಗೆ ಕಡಿವಾಣ ಬೀಳುತ್ತದೆ. ಮೂತ್ರಪಿಂಡಗಳು ಆ ಕ್ಷಾರವನ್ನು ಒಂದೆರಡು ದಿನಗಳಲ್ಲಿ ಹೊರಹಾಕಿದ ಮೇಲೆ ಕಡಿವಾಣ ಸಡಿಲವಾಗುತ್ತದೆ. ಕೆಂಪು ರಕ್ತಕಣಗಳು ಹೆಚ್ಚುವುದು ವಾರಗಳ ಕೆಲಸ. ಈ ಹೊಂದಾಣಿಕೆಯ ನಡುವೆ ರಾತ್ರಿಯ ಹೊತ್ತು ಒಂದು ವಿಚಿತ್ರ ನಡೆಯುವುದುಂಟು. ಮಲಗಿದವರ ಉಸಿರು ಏರುತ್ತ ಏರುತ್ತ ಹೋಗಿ, ಥಟ್ಟನೆ ಹತ್ತು ಕ್ಷಣ ನಿಂತು, ಮತ್ತೆ ದೀರ್ಘವಾಗಿ ಹೊರಡುತ್ತದೆ. ಪಕ್ಕದಲ್ಲಿ ಎಚ್ಚರವಾಗಿರುವ ಹೆಂಡತಿಗೆ ಜೀವವೇ ಬಾಯಿಗೆ ಬರುತ್ತದೆ. ಬೇರೆ ಯಾವ ಲಕ್ಷಣವೂ ಇಲ್ಲದಿದ್ದರೆ ಇದಕ್ಕೆ ಹೆದರಬೇಕಾಗಿಲ್ಲ. ನಿದ್ರೆ ಬಾರದೆಂದು ನಿದ್ರೆಗುಳಿಗೆಯನ್ನೋ ಮದ್ಯವನ್ನೋ ಸೇವಿಸುವುದು ಮಾತ್ರ ಅಪಾಯ. ಅವು ಉಸಿರನ್ನೇ ಮಂಕಾಗಿಸುತ್ತವೆ.

ಯಾರಿಗೆ ಬೇನೆ ಬರುತ್ತದೆ, ಯಾರಿಗೆ ಬರುವುದಿಲ್ಲ? ವ್ಯಾಯಾಮ ಮಾಡಿದ ಮೈ ರಕ್ಷಣೆಯಲ್ಲ. ಅನೇಕ ವೇಳೆ ಕಸುವುಳ್ಳ ತರುಣರೇ ಮೊದಲು ಬೀಳುತ್ತಾರೆ, ಏಕೆಂದರೆ ಅವರೇ ಹೆಚ್ಚು ಓಡಾಡುತ್ತಾರೆ, ಅವರೇ ಬೇನೆಯನ್ನು ಮುಚ್ಚಿಡುತ್ತಾರೆ. ಹಿಂದೊಮ್ಮೆ ಎತ್ತರದಲ್ಲಿ ಬೇನೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು. ಲಡಾಖಿಗಳಿಗೂ ಟಿಬೆಟಿನವರಿಗೂ ತಲೆಮಾರುಗಳಿಂದ ಬಂದ ಅನುಕೂಲವಿದೆ. ಟಿಬೆಟಿನವರಲ್ಲಿ ಕಂಡುಬರುವ ಅಂತಹ ಒಂದು ವಂಶವಾಹಿಯು ಡೆನಿಸೋವನ್ನರೆಂಬ ಅಳಿದುಹೋದ ಮಾನವಕುಲದಿಂದ ಬಂದುದೆಂದು ೨೦೧೪ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಆದರೂ ಎತ್ತರದ ನಿವಾಸಿಗಳು ಕೆಲಕಾಲ ಬಯಲಿನಲ್ಲಿದ್ದು ಒಮ್ಮೆಲೇ ಮನೆಗೆ ಹಾರಿದರೆ ಅವರಿಗೂ ಶ್ವಾಸಕೋಶದ ತೊಂದರೆ ಬರುವುದುಂಟು.

ಸಾಮಾನ್ಯ ರೂಪದಲ್ಲಿ ಬೇನೆಯೆಂದರೆ ತಲೆನೋವು, ಅದರೊಡನೆ ಹಸಿವಿಲ್ಲದಿರುವುದು, ಓಕರಿಕೆ, ಸುಸ್ತು, ತಲೆಸುತ್ತು. ಎತ್ತರಕ್ಕೆ ಬಂದ ಆರರಿಂದ ಹನ್ನೆರಡು ಗಂಟೆಗಳಲ್ಲಿ ಇದು ತಲೆದೋರುತ್ತದೆ. ಇಲ್ಲಿಯ ನಿಯಮ ಸರಳ: ಬೇರೆ ಕಾರಣ ಖಚಿತವಾಗುವವರೆಗೆ ಎತ್ತರದಲ್ಲಿ ಬಂದ ತಲೆನೋವನ್ನು ಎತ್ತರದ ತಲೆನೋವೆಂದೇ ತಿಳಿಯಬೇಕು, ಅದು ಹೋಗುವವರೆಗೆ ಇನ್ನೂ ಮೇಲಕ್ಕೆ ಹೋಗಿ ಮಲಗಬಾರದು. ವಿಶ್ರಾಂತಿ, ಬಿಸಿ ಗಂಜಿ ಅಥವಾ ಸಾರು, ತಲೆನೋವಿಗೆ ಪ್ಯಾರಾಸಿಟಮಾಲ್ ಗುಳಿಗೆ, ಇಷ್ಟರಿಂದಲೇ ಬಹುಮಂದಿಗೆ ಗುಣವಾಗುತ್ತದೆ. ಎಳೆಯ ಮಕ್ಕಳು ತಲೆನೋವೆಂದು ಹೇಳಲಾರವು. ಕಾರಣವಿಲ್ಲದೆ ರಚ್ಚೆ ಹಿಡಿದು, ಹಾಲು ಬಿಟ್ಟು, ಆಟ ಮರೆತ ಮಗುವಿಗೂ ಅದೇ ಬೇನೆಯೆಂದು ತಾಯಿ ಊಹಿಸಬೇಕು.

ಪ್ರಾಣಕ್ಕೆ ಎರವಾಗುವ ರೂಪಗಳು ಎರಡು. ಒಂದರಲ್ಲಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಇದು ಸಾಮಾನ್ಯವಾಗಿ ಬಂದ ಎರಡನೆಯ ರಾತ್ರಿ ಅಥವಾ ಅನಂತರ ತಲೆದೋರುತ್ತದೆ. ಮೊದಲು ಒಣಕೆಮ್ಮು, ನಾಲ್ಕು ಹೆಜ್ಜೆಗೆ ಏದುಸಿರು, ಬಳಿಕ ಸುಮ್ಮನೆ ಕುಳಿತಾಗಲೂ ಏದುಸಿರು, ತುಟಿ ಉಗುರು ನೀಲಿ, ಕಡೆಗೆ ಗುಲಾಬಿ ಬಣ್ಣದ ನೊರೆಕಫ. ಎಷ್ಟೋ ಕಾಲ ಇದನ್ನು ನ್ಯುಮೋನಿಯವೆಂದೇ ಭಾವಿಸಿದ್ದರು. ಪೆರು ದೇಶದ ವೈದ್ಯರು ಮೊದಲೇ ಗಮನಿಸಿದ್ದರಾದರೂ, ೧೯೬೦ರಲ್ಲಿ ಅಮೆರಿಕದ ವೈದ್ಯ ಹಾಗೂ ಪರ್ವತಾರೋಹಿ ಚಾರ್ಲ್ಸ್ ಹೂಸ್ಟನ್ ಬರೆದ ಮೇಲೆಯೇ ಇದು ಎಲ್ಲೆಡೆ ಪರಿಚಿತವಾಯಿತು. ಎರಡನೆಯ ರೂಪದಲ್ಲಿ ಮಿದುಳು ಬಾತುಕೊಳ್ಳುತ್ತದೆ. ರೋಗಿ ತಡವರಿಸುತ್ತಾನೆ, ಅಸಂಬದ್ಧವಾಗಿ ಮಾತನಾಡುತ್ತಾನೆ, ಕುಳಿತಲ್ಲಿಯೇ ತೂಕಡಿಸುತ್ತಾನೆ. ಇದನ್ನು ಪರೀಕ್ಷಿಸಲು ಯಾವ ಯಂತ್ರವೂ ಬೇಡ. ನೆಲದ ಮೇಲೆ ಒಂದು ನೇರಗೆರೆಯನ್ನು ಗುರುತಿಸಿ, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗುವಂತೆ ಹತ್ತು ಹೆಜ್ಜೆ ನಡೆಯಹೇಳಬೇಕು. ಕುಡಿದವರಂತೆ ವಾಲಿದರೆ ಬೆಳಗಾಗುವವರೆಗೆ ಕಾಯುವ ಮಾತಿಲ್ಲ.

ಕೊರೋನಾ ಕಾಲದಿಂದೀಚೆಗೆ ಬೆರಳಿಗೆ ಸಿಕ್ಕಿಸುವ ಆಮ್ಲಜನಕಮಾಪಕವು ಎಷ್ಟೋ ಮನೆಗಳಲ್ಲಿದೆ. ಪ್ರವಾಸಿಗರು ಅದನ್ನು ಗಂಟೆಗೊಮ್ಮೆ ನೋಡಿಕೊಂಡು ಗಾಬರಿಯಾಗುವುದುಂಟು. ಲೇಹ್‌ನಲ್ಲಿ ಆರೋಗ್ಯವಂತರಲ್ಲಿಯೂ ಅಂಕಿ ತೊಂಬತ್ತರ ಆಸುಪಾಸಿಗೆ ಇಳಿಯುತ್ತದೆ. ಚಳಿಗೆ ಮರಗಟ್ಟಿದ ಬೆರಳು ಇನ್ನೂ ಕಡಿಮೆ ತೋರಿಸೀತು. ಯಂತ್ರಕ್ಕಿಂತ ಮೊದಲು ಮನುಷ್ಯನ ಮುಖವನ್ನೂ ನಡಿಗೆಯನ್ನೂ ನೋಡುವುದು ಲೇಸು.

ಈ ಎರಡು ರೂಪಗಳಿಗೂ ಮುಖ್ಯವಾದ ಚಿಕಿತ್ಸೆ ಒಂದೇ, ಕೆಳಗಿಳಿಯುವುದು. ಮುನ್ನೂರರಿಂದ ಸಾವಿರ ಮೀಟರ್ ಇಳಿದರೆ ಬಹಳ ಮಟ್ಟಿಗೆ ಚೇತರಿಕೆ ಕಾಣುತ್ತದೆ. ಆಮ್ಲಜನಕ ಸಿಕ್ಕರೆ ಕೊಡಬೇಕು. ಮಿದುಳಿನ ಊತಕ್ಕೆ ಡೆಕ್ಸಾಮೆಥಸೋನ್, ಶ್ವಾಸಕೋಶದ ನೀರಿಗೆ ನಿಫೆಡಿಪಿನ್ ಎಂಬ ಔಷಧಗಳನ್ನು ವೈದ್ಯರು ಬಳಸುತ್ತಾರೆ. ಇವು ಇಳಿಯುವವರೆಗೆ ಜೀವ ಹಿಡಿದಿಡಲು, ಇಳಿಯುವುದಕ್ಕೆ ಬದಲಾಗಿ ಅಲ್ಲ. ಚಾರಣದ ತಂಡಗಳು ಒಯ್ಯುವ ಇನ್ನೊಂದು ಸಾಧನ ಕುತೂಹಲಕರವಾದುದು. ಮನುಷ್ಯ ಮಲಗುವಷ್ಟು ಉದ್ದದ, ಗಾಳಿ ಸೋರದ ಚೀಲ. ರೋಗಿಯನ್ನು ಒಳಗಿರಿಸಿ ಕಾಲಿನಿಂದ ಪಂಪು ತುಳಿದರೆ ಒಳಗಿನ ಒತ್ತಡ ಏರಿ, ಕುಳಿತಲ್ಲಿಯೇ ಸಾವಿರದೈನೂರು ಮೀಟರ್ ಕೆಳಗಿಳಿದಂತಾಗುತ್ತದೆ. ಇದನ್ನು ರೂಪಿಸಿದ ಇಗೋರ್ ಗ್ಯಾಮೊ, ವಿಶ್ವದ ಉಗಮದ ಕುರಿತು ಸಿದ್ಧಾಂತ ರಚಿಸಿದ ಭೌತವಿಜ್ಞಾನಿ ಜಾರ್ಜ್ ಗ್ಯಾಮೊ ಅವರ ಮಗ. ಲೇಹ್ ಪೇಟೆಯಲ್ಲಿ ಸಿಗುವ ಆಮ್ಲಜನಕದ ಪುಟ್ಟ ಡಬ್ಬಿಗಳಾದರೋ ಕೆಲವೇ ನಿಮಿಷಗಳ ಸಮಾಧಾನ.

ಇಳಿಯಿರಿ ಎಂದು ಹೇಳುವುದು ಸುಲಭ. ಆದರೆ ಲಡಾಖಿನ ಭೂಗೋಲವೇ ಬೇರೆ. ಪಾಂಗಾಂಗ್ ಸರೋವರದ ದಂಡೆ ೪,೨೦೦ ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಯ ಡೇರೆಯಲ್ಲಿ ನಡುರಾತ್ರಿ ಉಸಿರು ಕಟ್ಟಿದರೆ ಲೇಹ್‌ಗೆ ಮರಳುವ ರೂಢಿಯ ದಾರಿ ೫,೩೦೦ ಮೀಟರ್ ಮೀರಿದ ಚಾಂಗ್ ಲಾ ಕಣಿವೆಯನ್ನು ದಾಟಬೇಕು. ಎಂದರೆ ಇಳಿಯುವುದಕ್ಕೆ ಮುನ್ನ ಸಾವಿರ ಮೀಟರ್ ಏರಬೇಕು, ಅದೂ ಕತ್ತಲಲ್ಲಿ, ಹಿಮದಲ್ಲಿ! ಚಂದ್ರನ ಬೆಳಕಿನಲ್ಲಿ ಸರೋವರ ನೋಡಬೇಕೆಂಬ ಆಸೆ ಯಾರಿಗಿಲ್ಲ? ಆದರೆ ಮೊದಲ ವಾರದ ಆರಂಭದಲ್ಲಿ ಅಲ್ಲಿ ರಾತ್ರಿ ಕಳೆಯುವವರು ಈ ಒಂದು ಸಂಗತಿಯನ್ನು ನೆನೆದರೆ ಸಾಕು. ನುಬ್ರಾ ಕಣಿವೆಯಾದರೆ ಹಾಗಲ್ಲ. ಖರ್ದುಂಗ್ ಲಾ ದಾಟುವುದೊಂದೇ ಕಷ್ಟ; ಆಚೆಯ ಹಳ್ಳಿಗಳು ಲೇಹ್‌ಗಿಂತ ತಗ್ಗಿನಲ್ಲಿವೆ. ಆದುದರಿಂದ ಎರಡು ಪೂರ್ಣ ದಿನ ಲೇಹ್‌ನಲ್ಲಿ ಕಳೆದು, ಮೊದಲು ನುಬ್ರಾಕ್ಕೆ ಹೋಗಿ, ಸರೋವರವನ್ನು ಕೊನೆಗಿರಿಸಿಕೊಳ್ಳುವುದು ಜಾಣತನ. ರಸ್ತೆಯಲ್ಲಿ ಬರುವವರಿಗೆ ಶ್ರೀನಗರ, ಕಾರ್ಗಿಲ್‌ಗಳ ದಾರಿ ಸೌಮ್ಯ. ಮನಾಲಿಯ ದಾರಿಯಲ್ಲಿ ೪,೨೯೦ ಮೀಟರ್ ಎತ್ತರದ ಸರ್ಚುವಿನಲ್ಲಿ ತಂಗಿದವರ ನಿದ್ರೆಯಿಲ್ಲದ ರಾತ್ರಿಗಳ ಕಥೆ ಚಾಲಕರಿಗೆಲ್ಲ ಬಾಯಿಪಾಠ.

ತೀರ್ಥಯಾತ್ರಿಕರ ಸಂಕಟ ಇನ್ನೊಂದು ಬಗೆಯದು. ಗೌರೀಕುಂಡದಿಂದ ಕೇದಾರಕ್ಕೆ ಒಂದೇ ದಿನದಲ್ಲಿ ಸಾವಿರದಾರುನೂರು ಮೀಟರ್ ಏರುವವರಿದ್ದಾರೆ. ಹೆಲಿಕಾಪ್ಟರಿನಲ್ಲಾದರೆ ಕೆಲವೇ ನಿಮಿಷ. ಕೈಲಾಸದ ಪರಿಕ್ರಮೆಯಲ್ಲಿ ಡೋಲ್ಮಾ ಲಾ ೫,೬೦೦ ಮೀಟರಿಗೂ ಮೇಲಿದೆ. ಲಿಪುಲೇಖದ ದಾರಿಯ ಯಾತ್ರಿಕರನ್ನು ದಿಲ್ಲಿಯಲ್ಲಿಯೂ ಗುಂಜಿಯಲ್ಲಿಯೂ ವೈದ್ಯರು ಪರೀಕ್ಷಿಸಿ, ದೇಹ ಒಪ್ಪದವರನ್ನು ಹಿಂದಕ್ಕೆ ಕಳುಹಿಸುತ್ತಾರೆ. ಜೀವಮಾನವಿಡೀ ಕೂಡಿಟ್ಟ ಹಣ, ಹರಕೆ, ಕಣ್ಣೀರು ಯಾವುದಕ್ಕೂ ಅಲ್ಲಿ ರಿಯಾಯಿತಿಯಿಲ್ಲ. ಅರ್ಧ ದಾರಿಯಿಂದ ಮರಳುವ ಹಿರಿಯರ ದುಃಖ ಸಣ್ಣದಲ್ಲ. ಆದರೂ ಆ ವೈದ್ಯರು ಮಾಡುವುದು ನ್ಯಾಯವೇ.

ಮುನ್ನೆಚ್ಚರಿಕೆಯ ಮೊದಲ ಮದ್ದು ದಿನಗಳೇ. ೩,೦೦೦ ಮೀಟರಿನ ಮೇಲೆ ಮಲಗುವ ಸ್ಥಳವು ಹಿಂದಿನ ರಾತ್ರಿಯ ಸ್ಥಳಕ್ಕಿಂತ ಐನೂರು ಮೀಟರಿಗೆ ಹೆಚ್ಚು ಎತ್ತರವಿರಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನದ ವಿಶ್ರಾಂತಿ ಬೇಕು ಎಂಬುದು ಪರ್ವತವೈದ್ಯರ ಸಲಹೆ. ಹಗಲಿನಲ್ಲಿ ಏರಿ ರಾತ್ರಿಗೆ ಇಳಿದರೆ ಬಾಧಕವಿಲ್ಲ. ವಿಮಾನದಲ್ಲಿಯೇ ಲೇಹ್‌ಗೆ ಇಳಿಯುವವರು ವೈದ್ಯರನ್ನು ಕೇಳಿ ಅಸೆಟಜೋಲಮೈಡ್ ಎಂಬ ಗುಳಿಗೆಯನ್ನು ಪಡೆಯಬಹುದು. ಪೇಟೆಯಲ್ಲಿ ಡಯಮಾಕ್ಸ್ ಎಂದರೆ ಎಲ್ಲರಿಗೂ ತಿಳಿಯುತ್ತದೆ. ವಯಸ್ಕರಿಗೆ ಸಾಮಾನ್ಯವಾಗಿ ೧೨೫ ಮಿಲಿಗ್ರಾಂ, ದಿನಕ್ಕೆರಡು ಸಲ, ಹೊರಡುವ ಹಿಂದಿನ ದಿನದಿಂದ ಆರಂಭಿಸಿ ಮೇಲೆ ಒಂದೆರಡು ದಿನ. ಇದು ಬೇನೆಯನ್ನು ಮುಚ್ಚುವುದಿಲ್ಲ. ಮೂತ್ರಪಿಂಡಗಳು ಮಾಡಬೇಕಾದ ಕೆಲಸವನ್ನೇ ಬೇಗ ಮಾಡಿಸುತ್ತದೆ. ಬೆರಳ ತುದಿ ಜುಮುಗುಟ್ಟುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು, ಸೋಡಾ ರುಚಿಗೆಡುವುದು ಇದರ ಸಣ್ಣ ಕಾಟಗಳು. ಸಲ್ಫಾ ಔಷಧ ಒಗ್ಗದವರು, ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಹೃದ್ರೋಗಿಗಳು, ಶ್ವಾಸಕೋಶದ ಕಾಯಿಲೆಯವರು, ಗರ್ಭಿಣಿಯರು ಟಿಕೆಟ್ ಕೊಳ್ಳುವ ಮುನ್ನವೇ ಕೇಳಬೇಕು.

ಕರ್ಪೂರವನ್ನು ಬಟ್ಟೆಯಲ್ಲಿ ಕಟ್ಟಿ ಮೂಸುವ ಪದ್ಧತಿ ಯಾತ್ರಿಕರಲ್ಲಿ ಬಲವಾಗಿದೆ. ಮೂಗಿಗೆ ತಂಪು ತಂಪಾಗಿ ಹಿತವೆನಿಸೀತು. ಅದರಿಂದ ರಕ್ತಕ್ಕೆ ಆಮ್ಲಜನಕವೇನೂ ಸೇರದು. ಅದನ್ನು ನುಂಗುವುದಂತೂ ವಿಷ. ನೀರನ್ನು ಬಾಯಾರಿಕೆಗೆ ತಕ್ಕಂತೆ, ಒಂದಿಷ್ಟು ಹೆಚ್ಚಾಗಿಯೇ ಕುಡಿಯಬೇಕು. ಕೊಡಗಟ್ಟಲೆ ಕುಡಿದರೆ ಬೇನೆ ಬಾರದೆಂಬುದು ಹುಸಿ.

ಮತ್ತೆ ಆ ಹೋಟೆಲು ಕೋಣೆ. ರಾತ್ರಿ ಹತ್ತು ಗಂಟೆಗೆ ಮಗ ಒಮ್ಮೆ ವಾಂತಿ ಮಾಡಿಕೊಂಡಿದ್ದಾನೆ. ತಾಯಿ ಅವನನ್ನು ಎಬ್ಬಿಸಿ ಕೋಣೆಯ ಹಾಸುಗಲ್ಲಿನ ಗೆರೆಯ ಮೇಲೆ ನಡೆಸಿ ನೋಡುತ್ತಾರೆ. ನೆಟ್ಟಗೆ ನಡೆಯುತ್ತಾನೆ. ಕೆಮ್ಮಿಲ್ಲ, ಮಲಗಿದಾಗ ಏದುಸಿರಿಲ್ಲ. “ನಾಳೆ ಕಾರು ಬೇಡವೆಂದು ಹೇಳಿಬಿಡಿ” ಎನ್ನುತ್ತಾರೆ ಪತಿಗೆ. ಮುಂಗಡದ ಹಣ ಮರಳಿ ಬಾರದೆಂದು ಅವರು ಸ್ವಲ್ಪ ಗೊಣಗಿ, ಕಡೆಗೆ ಕೆಳಗಿಳಿದು ಚಾಲಕನಿಗೆ ಹೇಳಿ ಬರುತ್ತಾರೆ. ಮರುದಿನವಿಡೀ ಮಗ ಕಂಬಳಿ ಹೊದ್ದು ಕಿಟಕಿಯ ಬಳಿ ಮಲಗಿರುತ್ತಾನೆ; ತಂಗಿ ಅವನನ್ನು ಬೇಕಾದಷ್ಟು ಹಾಸ್ಯ ಮಾಡುತ್ತಾಳೆ. ಸಂಜೆ ತಾನಾಗಿ ಅನ್ನ ಕೇಳುತ್ತಾನೆ. ಇನ್ನೊಂದು ಹಗಲೂ ರಾತ್ರಿಯೂ ಹಾಗೆಯೇ ಕಳೆದ ಮೇಲೆ ಅವರ ಕಾರು ಖರ್ದುಂಗ್ ಲಾವನ್ನೇರಿ, ಅಲ್ಲಿ ಹತ್ತು ನಿಮಿಷ ನಿಂತು, ನುಬ್ರಾದ ಕಡೆಗೆ ಇಳಿಯುತ್ತದೆ. ಪಾಂಗಾಂಗ್ ಈ ಸಲ ಪಟ್ಟಿಯಲ್ಲಿ ಇಲ್ಲ.